ಸ್ಕ್ವಿಡ್ ಇದ್ದ ಮೇಲೂ ಸ್ಪೆಕ್ಟ್ರಮ್ ಯಾಕೆ?

ಮಂಡ್ಯದಲ್ಲಿ ಎಂ.ಎಸ್ಸಿ. ಓದುತ್ತಿರುವ ನಿಮ್ಮ ಪ್ರಶ್ನೆ ಇದು: ಡಿಸ್ಪ್ರೋಸಿಯಮ್ ಮೆಟಲೊಸೀನ್‌ಗಳ (ಎರಡು ಇಂಗಾಲದ ಉಂಗುರಗಳ ನಡುವೆ ಲೋಹದ ಅಯಾನು ಕೂತ ಅಣುಗಳ) ಕಾಂತಗುಣವನ್ನು ಸ್ಕ್ವಿಡ್ ಮ್ಯಾಗ್ನೆಟೊಮೀಟರೇ ಅಳೆದುಕೊಡುವಾಗ ಸ್ಪೆಕ್ಟ್ರಮ್‌ಗಾಗಿ, ಅಂದರೆ ಅಣು ಯಾವ ಬೆಳಕನ್ನು ಹೀರುತ್ತದೆ, ಯಾವುದನ್ನು ಸೂಸುತ್ತದೆ ಎಂಬ ನಕ್ಷೆಗಾಗಿ, ಇಷ್ಟೆಲ್ಲ ಒದ್ದಾಟ ಯಾಕೆ? ಮೈಸೂರಿನಲ್ಲಿ ಇನಾರ್ಗ್ಯಾನಿಕ್ ಪಾಠ ಮಾಡುವ ನನಗೆ ಬಹಳ ಇಷ್ಟವಾದ ವಿಷಯ, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಅಣುವಿನ ಕಾಂತತ್ವ ದಿಕ್ಕು ಬದಲಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಸ್ಕ್ವಿಡ್ ಹೇಳುತ್ತದೆ. ಹಿಡಿದ ದಾರಿಯನ್ನು ಹೇಳುವುದಿಲ್ಲ. ಚಾಮುಂಡಿ ಬೆಟ್ಟವನ್ನು ಈ ಕಡೆ ಹತ್ತಿ ಆ ಕಡೆ ಇಳಿದವರು ತೆಗೆದುಕೊಂಡ ಸಮಯವೊಂದನ್ನೇ ನೋಡಿ ಮೆಟ್ಟಿಲುಗಳ ಎತ್ತರ ಲೆಕ್ಕಹಾಕಲು ಆಗುತ್ತದೆಯೇ? ಡಿಸ್ಪ್ರೋಸಿಯಮ್ 3+ ಅಯಾನಿನ ತಳಸ್ಥಿತಿ ಲಿಗ್ಯಾಂಡ್‌ಗಳ (ಲೋಹವನ್ನು ಸುತ್ತುವರಿದ ಗುಂಪುಗಳ) ನಡುವೆ 8 ಜೋಡಿ ಶಕ್ತಿಮಟ್ಟಗಳಾಗಿ ಒಡೆಯುತ್ತದೆ, ಅವೇ ಆ ಮೆಟ್ಟಿಲು. ಅವುಗಳನ್ನು ಹತ್ತಿ ದಾಟುವ ಆರ್ಬ್ಯಾಕ್ ದಾರಿ, ಕಂಪನಗಳ ನೆರವಿನ ರಾಮನ್ ದಾರಿ, ಮೆಟ್ಟಿಲು ಹತ್ತದೆಯೇ ತೂರಿಹೋಗುವ ಕ್ವಾಂಟಮ್ ಟನೆಲಿಂಗ್ ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ. ಮೂರನ್ನೂ ಒಂದೇ ವಕ್ರರೇಖೆಗೆ ಫಿಟ್ ಮಾಡಿದರೆ ಬೇರೆ ಬೇರೆ ಸಂಖ್ಯೆಗಳೂ ಸರಿಹೊಂದಿಬಿಡುತ್ತವೆ. ಮಟ್ಟಗಳನ್ನು ಕಣ್ಣಾರೆ ಕಾಣದೆ, ದಿಕ್ಕು ಬದಲಿಸಲು ದಾಟಬೇಕಾದ ಶಕ್ತಿಯ ತಡೆಗೋಡೆ ಇಷ್ಟೇ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ.

2017ರಲ್ಲಿ ಮ್ಯಾಂಚೆಸ್ಟರ್‌ನ ತಂಡದ ಡಿಸ್ಪ್ರೋಸಿಯಮ್ ಮೆಟಲೊಸೀನ್ 60 ಕೆಲ್ವಿನ್‌ವರೆಗೆ ಹಿಸ್ಟೆರಿಸಿಸ್ (ಹೊರಗಿನ ಕ್ಷೇತ್ರ ಬದಲಾದರೂ ಕಾಂತತ್ವ ತಡವಾಗಿ ಹಿಂಬಾಲಿಸುವ ಗುಣ) ತೋರಿಸಿತು. ಮರುವರ್ಷವೇ ಇನ್ನೊಂದು 80 ಕೆಲ್ವಿನ್ ಮುಟ್ಟಿ ದ್ರವ ಸಾರಜನಕದ 77 ಕೆಲ್ವಿನ್ ದಾಟಿತು. ಅದರ ತಡೆಗೋಡೆ 1541 ವೇವ್‌ನಂಬರ್ (ಸ್ಪೆಕ್ಟ್ರಮ್‌ನಲ್ಲಿ ಶಕ್ತಿ ಅಳೆಯುವ ಮಾನ), ಉಷ್ಣತೆಯ ಲೆಕ್ಕದಲ್ಲಿ ಸುಮಾರು 2200 ಕೆಲ್ವಿನ್. ಅಷ್ಟೆತ್ತರದ ಗೋಡೆ ಇದ್ದೂ 80ಕ್ಕೇ ಯಾಕೆ ನಿಂತಿತು? ಇಲ್ಲಿ ಉಂಗುರಗಳ ಕಂಪನಗಳು ಮಾತಿಗೆ ಬರುತ್ತವೆ. ಸ್ಪೆಕ್ಟ್ರಮ್ ಇಲ್ಲದೆ ಅವುಗಳ ಜಾಡು ಹಿಡಿಯುವುದು ಕಷ್ಟ.

ನನ್ನ ಮೆಚ್ಚಿನ ವಿಧಾನ ಕಾಂತಕ್ಷೇತ್ರದೊಳಗಿನ ಫಾರ್-ಐಆರ್ (ದೂರದ ಅವಗೆಂಪು) ಸ್ಪೆಕ್ಟ್ರಮ್. ಕ್ಷೇತ್ರ ಏರಿಸುತ್ತ ಹೋದಂತೆ ಎಲೆಕ್ಟ್ರಾನಿಕ್ ಶಿಖರಗಳು ಜಾಗ ಬದಲಿಸುತ್ತವೆ, ಬರೀ ಕಂಪನದ ಶಿಖರಗಳು ಅಲ್ಲಾಡುವುದಿಲ್ಲ. ಎರಡೂ ಬೆರೆತ ಕಡೆ ಕಂಪನದ ಶಿಖರವೂ ಕ್ಷೇತ್ರಕ್ಕೆ ಮಿಡಿಯುತ್ತದೆ. ಆ ಬೆರಕೆಯನ್ನು ಮೊದಲು ಗುರುತಿಸಿದಾಗ ಆಗುವ ಸಂತೋಷ ಬೇರೆಯೇ. ಆದರೆ ಸ್ಯಾಂಪಲ್ಲನ್ನು ಕೆಬಿಆರ್ (ಪೊಟ್ಯಾಸಿಯಮ್ ಬ್ರೋಮೈಡ್) ಜೊತೆ ಬಿಲ್ಲೆಯಾಗಿ ಒತ್ತುವ ನಮ್ಮ ಲ್ಯಾಬ್‌ಗಳ ಪೆಲೆಟ್ ಅಭ್ಯಾಸ ಇಲ್ಲಿ ಕೈಕೊಡುತ್ತದೆ: ಸುಮಾರು 400 ವೇವ್‌ನಂಬರ್‌ನ ಕೆಳಗೆ ಕೆಬಿಆರ್ ಬೆಳಕನ್ನೇ ಬಿಡುವುದಿಲ್ಲ, ಮೇಲಾಗಿ ತೇವ ಹೀರುತ್ತದೆ. ಈ ಸಂಯುಕ್ತಗಳಿಗೆ ಗಾಳಿ, ತೇವ ಎರಡೂ ಆಗದು. ಪಾಲಿಥೀನ್ ಕಿಟಕಿಯ ಸೆಲ್ ಹಿಡಿಯಿರಿ, ಗಾಳಿ, ತೇವ ಹೊಗದ ಗ್ಲೋವ್‌ಬಾಕ್ಸ್‌ನಲ್ಲೇ ಸೀಲ್ ಮಾಡಿ.

ಇಪಿಆರ್ (ಕಾಂತಕ್ಷೇತ್ರದಲ್ಲಿ ಮೈಕ್ರೊವೇವ್ ಹೀರಿಕೆ ನೋಡುವ ವಿಧಾನ) ಬಗ್ಗೆ ಒಂದೇ ಮಾತು. ತಳದ ಜೋಡಿಯ ಕೋನೀಯ ಆವೇಗದ ಕ್ವಾಂಟಮ್ ಸಂಖ್ಯೆ ಶುದ್ಧ ±15/2 ಆಗಿದ್ದರೆ ಸಿಗ್ನಲ್ ಬರುವುದಿಲ್ಲ. ಆಯ್ಕೆ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಖಾಲಿ ಸ್ಪೆಕ್ಟ್ರಮ್ ಕಂಡು ಧೃತಿಗೆಡಬೇಡಿ.

ಪ್ರಾಜೆಕ್ಟ್‌ಗೆ ಡಿಸ್ಪ್ರೋಸಿಯಮ್‌ಗಿಂತ ಇಟರ್ಬಿಯಮ್ ಮೇಲು ಎನ್ನುವುದು ನನ್ನ ಸಲಹೆ. ತಳದಲ್ಲಿ 4 ಜೋಡಿ ಮಟ್ಟಗಳು, ಮೇಲೆ ಒಂದೇ ಉದ್ರೇಕಿತ ಗುಂಪು, ಹೊಳಪು 980 ನ್ಯಾನೊಮೀಟರ್ ಆಸುಪಾಸು. ಕೋಣೆಯ ಉಷ್ಣತೆಯಲ್ಲೊಮ್ಮೆ, 77 ಕೆಲ್ವಿನ್‌ನಲ್ಲೊಮ್ಮೆ ಎಮಿಷನ್ ತೆಗೆಯಿರಿ. ತಣ್ಣಗಾದಾಗ ಮಾಯವಾಗುವ ಗೆರೆಗಳು ಮೇಲಿನ ಗುಂಪಿನ ಬಿಸಿ ಮಟ್ಟಗಳಿಂದ ಬಂದವು. ಉಳಿದವುಗಳಲ್ಲಿ ಕಂಪನದ ಗೆರೆಗಳನ್ನು ಬೇರ್ಪಡಿಸಿದರೆ ಆ 4 ಮೆಟ್ಟಿಲುಗಳ ಅಂತರ ಸಿಗುತ್ತದೆ.