ಅಪ್ಪನಿಗೆ ಈಗ ಅನಿತ್ಯದ ಪಾಠ ಬೇಡ

ನಿಮ್ಮ ಪತ್ರ ಓದಿದೆ. ತಂದೆಯವರ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದಾರೆ. ನೀವು ಬೌದ್ಧ ಪುಸ್ತಕಗಳನ್ನು ಓದುತ್ತಿದ್ದೀರಿ. ಹುಟ್ಟಿದ್ದೆಲ್ಲ ಹೋಗಲೇಬೇಕು, ಒಪ್ಪಿಕೊಂಡುಬಿಡಿ ಅಂತ ದಿನಾ ಅವರಿಗೆ ಹೇಳುತ್ತೀರಿ, ಅವರು ಗೋಡೆ ಕಡೆ ತಿರುಗಿ ಮಲಗುತ್ತಾರೆ. ಅವರು ಶಾಂತಿಯಿಂದ ಹೋಗಬೇಕಾದರೆ ಇನ್ನೇನು ಹೇಳಬೇಕು ಅಂತ ಕೇಳಿದ್ದೀರಿ.

ಬೇಜಾರು ಮಾಡಿಕೊಳ್ಳಬೇಡಿ, ಸದ್ಯಕ್ಕೆ ಹೇಳುವುದನ್ನು ನಿಲ್ಲಿಸಿ.

ಇದು ನನ್ನ ತಲೆಯಿಂದ ಬಂದ ಸಲಹೆ ಅಲ್ಲ. ರೋಗಿಯನ್ನು ನೋಡಿಕೊಳ್ಳುವವರಲ್ಲಿ ಇರಬೇಕಾದ ಐದು ಗುಣಗಳನ್ನು ವಿನಯಪಿಟಕದಲ್ಲಿ, ಅಂದರೆ ಬೌದ್ಧ ಭಿಕ್ಷುಗಳ ನಿಯಮಗಳ ಗ್ರಂಥದಲ್ಲಿ, ಹೇಳಿದೆ. ಔಷಧಿ ಸಿದ್ಧಮಾಡಲು ಬರಬೇಕು. ರೋಗಿಗೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಅಂತ ಗೊತ್ತಿರಬೇಕು. ಲಾಭದ ಆಸೆಗಲ್ಲ, ಪ್ರೀತಿಯಿಂದ ನೋಡಿಕೊಳ್ಳಬೇಕು. ಮಲ, ಮೂತ್ರ, ಉಗುಳು, ವಾಂತಿ ಎತ್ತಲು ಹೇಸಬಾರದು. ಇಷ್ಟೆಲ್ಲ ಆದಮೇಲೆ ಐದನೆಯದಾಗಿ, ಆಗಾಗ ಧರ್ಮದ ಮಾತಾಡಿ ರೋಗಿಗೆ ಧೈರ್ಯ ತುಂಬಲು ಬರಬೇಕು. ನೀವು ಐದನೆಯದರಿಂದ ಶುರುಮಾಡಿದ್ದೀರಿ. ನಾವು ತುಂಬಾ ಜನ ಹಾಗೇ ಮಾಡುತ್ತೇವೆ ಬಿಡಿ, ಬೆಡ್‌ಪ್ಯಾನ್‌ಗಿಂತ ಉಪದೇಶ ಸುಲಭ ಅಲ್ವಾ?

ಈ ಪಟ್ಟಿ ಬರುವ ಸಂದರ್ಭವೂ ಗಮನಿಸುವಂಥದ್ದು. ಒಬ್ಬ ಭಿಕ್ಷು ಭೇದಿಯಾಗಿ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಬೇರೆಯವರಿಗೆ ಅವನಿಂದ ಏನೂ ಉಪಕಾರ ಆಗಿರಲಿಲ್ಲ, ಹಾಗಾಗಿ ಯಾರೂ ಅವನತ್ತ ನೋಡುತ್ತಿರಲಿಲ್ಲ. ಬುದ್ಧ ತನ್ನ ಜೊತೆಗಿದ್ದ ಶಿಷ್ಯ ಆನಂದನಿಂದ ನೀರು ತರಿಸಿದ. ಬುದ್ಧ ನೀರು ಹೊಯ್ದ, ಆನಂದ ಮೈ ತೊಳೆದ. ಒಬ್ಬರು ತಲೆ ಕಡೆ, ಒಬ್ಬರು ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕು ಅನ್ನುವವರು ರೋಗಿಯ ಸೇವೆ ಮಾಡಲಿ ಅಂತ ಬುದ್ಧ ಹೇಳಿದ್ದು ಅದಾದ ಮೇಲೆ.

ಇನ್ನು ನಿಮ್ಮ ಪತ್ರದಲ್ಲಿ ನೀವೇ ಹಗುರವಾಗಿ ದಾಟಿಸಿಬಿಟ್ಟ ಒಂದು ಸಾಲಿದೆ. ಅಮ್ಮನ ಕಣ್ಣಿನ ಆಪರೇಷನ್ ಯಾವಾಗ ಮಾಡಿಸ್ತೀಯ ಅಂತ ಅಪ್ಪ ಪದೇ ಪದೇ ಕೇಳುತ್ತಾರಂತೆ. 'ಈಗಲೂ ಮೋಹ ಬಿಟ್ಟಿಲ್ಲ' ಅಂತ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಇದೇ ಸಾಲು.

ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ನಕುಲಪಿತ, ನಕುಲಮಾತೆ ಅನ್ನುವ ಗಂಡ ಹೆಂಡತಿಯ ಪ್ರಸಂಗ ಬರುತ್ತದೆ. ಗಂಡನಿಗೆ ಕಾಯಿಲೆ ಜೋರಾಗಿ ಸಾಯುವ ಹಾಗಿದ್ದಾನೆ. ಚಿಂತೆ ಇಟ್ಟುಕೊಂಡು ಸಾಯಬೇಡಿ, ಹಾಗೆ ಸಾಯುವುದು ದುಃಖ ಅಂತ ಹೆಂಡತಿ ಹೇಳುತ್ತಾಳೆ. ಅಷ್ಟಕ್ಕೇ ಬಿಡುವುದಿಲ್ಲ, ಅವನ ಮನಸ್ಸಿನಲ್ಲಿ ಇರಬಹುದಾದ ಚಿಂತೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾಳೆ. ನಾನು ಹೋದಮೇಲೆ ಇವಳು ಮಕ್ಕಳನ್ನು ಹೇಗೆ ಸಾಕುತ್ತಾಳೆ ಅಂದುಕೊಳ್ಳಬೇಡಿ, ನನಗೆ ಹತ್ತಿ ನೂಲಲು ಬರುತ್ತದೆ, ಉಣ್ಣೆ ಹದಮಾಡಲು ಬರುತ್ತದೆ, ಮನೆ ನಡೆಸುತ್ತೇನೆ ಅನ್ನುತ್ತಾಳೆ. ಇನ್ನೊಂದು ಮನೆ ಸೇರುವುದಿಲ್ಲ ಅನ್ನುತ್ತಾಳೆ. ಶೀಲ, ಸಮಾಧಿ (ಒಳ್ಳೆಯ ನಡತೆ, ಮನಸ್ಸಿನ ಏಕಾಗ್ರತೆ) ಇವುಗಳ ಮಾತೆಲ್ಲ ಆಮೇಲೆ. ಮೊದಲು ಬಂದದ್ದು ಹತ್ತಿ, ಉಣ್ಣೆ. ಆ ಮಾತು ಕೇಳುತ್ತಲೇ ನಕುಲಪಿತನ ಕಾಯಿಲೆ ಇಳಿಯಿತು, ಕೋಲು ಊರಿಕೊಂಡು ಬುದ್ಧನನ್ನು ನೋಡಲು ಹೋದ ಅಂತ ಆ ಗ್ರಂಥ ಹೇಳುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗಲಿಕ್ಕಿಲ್ಲ. ಆದರೆ ಆಪರೇಷನ್‌ಗೆ ತಾರೀಖು ಗೊತ್ತುಮಾಡಿ, ಜೊತೆಗೆ ಯಾರು ಹೋಗುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಅಪ್ಪನಿಗೆ ಬಿಡಿಸಿ ಹೇಳುವುದು ನಿಮ್ಮ ಕೈಲಿದೆ.

ನೋವಿನ ಔಷಧಿ ಬಗ್ಗೆ ಕೇಳಿದ್ದೀರಿ. ಮಾರ್ಫಿನ್ ಕೊಟ್ಟರೆ ಮಂಪರು ಬರುತ್ತದೆ, ಕೊನೆಗಳಿಗೆಯಲ್ಲಿ ಎಚ್ಚರ ಇರಬೇಕಲ್ಲ ಅನ್ನುವುದು ನಿಮ್ಮ ಅನುಮಾನ. ಬುದ್ಧನ ಗೃಹಸ್ಥ ಭಕ್ತ ಅನಾಥಪಿಂಡಿಕ ಸಾಯುವ ಸ್ಥಿತಿಯಲ್ಲಿದ್ದಾಗ ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತ ಹೋಗಿ ಮೊದಲು ವಿಚಾರಿಸಿದ್ದು ನೋವು ತಡೆದುಕೊಳ್ಳುವಷ್ಟಿದೆಯಾ, ಕಡಿಮೆ ಆಗುತ್ತಿದೆಯಾ ಅಂತ. ತಲೆಗೆ ಚರ್ಮದ ಪಟ್ಟಿ ಬಿಗಿದಂತೆ ಆಗುತ್ತಿದೆ, ಹೊಟ್ಟೆ ಕೊಯ್ದಂತೆ ಆಗುತ್ತಿದೆ ಅಂತ ಅವನು ಮುಚ್ಚುಮರೆ ಇಲ್ಲದೆ ಹೇಳಿಕೊಂಡ. ಯಾರೂ ಅವನನ್ನು ಹೀಗಳೆಯಲಿಲ್ಲ. ವಿನಯಪಿಟಕದಲ್ಲಿ ಔಷಧಿಗೆ ಅಂತಲೇ ಒಂದು ಅಧ್ಯಾಯ ಇದೆ. ಬುದ್ಧನೇ ಬೆನ್ನು ನೋಯುತ್ತಿದೆ, ಸ್ವಲ್ಪ ಮಲಗುತ್ತೇನೆ ಅಂತ ಉಪದೇಶವನ್ನು ಸಾರಿಪುತ್ತನಿಗೆ ವಹಿಸಿದ್ದುಂಟು. ಸಹಿಸಲಾಗದ ನೋವಿನಲ್ಲಿ ಯಾವ ಎಚ್ಚರ ನಿಲ್ಲುತ್ತದೆ ಹೇಳಿ? ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರ ಜೊತೆ ಮಾತಾಡಿ, ಅಪ್ಪ ಮಾತಾಡುವಷ್ಟು ಎಚ್ಚರ ಬಯಸಿದರೆ ಅದನ್ನೂ ತಿಳಿಸಿ. ಆದರೆ ಪುಣ್ಯದ ಲೆಕ್ಕ ಹಾಕಿ ಅವರ ಔಷಧಿ ತಡೆಯಬೇಡಿ.

ಅಳು ಬರುತ್ತದೆ, ನನ್ನ ಸಾಧನೆ ಇಷ್ಟೇನಾ ಅಂತ ನಾಚಿಕೆ ಪಟ್ಟಿದ್ದೀರಿ. ಕುಸಿನಾರ ಅನ್ನುವ ಊರಲ್ಲಿ ಬುದ್ಧ ಕೊನೆಯುಸಿರಿನ ಹೊತ್ತಿಗೆ ಬಂದಾಗ ಆನಂದ ಒಳಗೆ ಹೋಗಿ ಬಾಗಿಲಿಗೆ ಒರಗಿ ಅತ್ತ. ಅಷ್ಟು ವರ್ಷ ಜೊತೆಗಿದ್ದವನೇ ಅತ್ತ. ಬುದ್ಧ ಕರೆಸಿದ, ಅಳಬೇಡ ಅಂದ, ಪ್ರಿಯವಾದದ್ದೆಲ್ಲ ಅಗಲಲೇಬೇಕು ಅಂತ ನೆನಪಿಸಿದ. ಆಮೇಲೆ ಇಷ್ಟು ಕಾಲ ಪ್ರೀತಿಯಿಂದ ನೋಡಿಕೊಂಡೆ ಅಂತ ಎಲ್ಲರ ಮುಂದೆ ಹೊಗಳಿದ.

ಹಾಗಂತ ಶೋಕವೇ ಕರುಣೆ ಅಲ್ಲ. 5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ತನ್ನ ವಿಶುದ್ಧಿಮಗ್ಗ ಅನ್ನುವ ಗ್ರಂಥದಲ್ಲಿ ಕರುಣೆಗೆ ಹತ್ತಿರದ ಶತ್ರು ಶೋಕ, ದೂರದ ಶತ್ರು ಕ್ರೌರ್ಯ ಅಂತ ವಿಂಗಡಿಸುತ್ತಾನೆ. ಹತ್ತಿರದ್ದೇ ಜಾಸ್ತಿ ಮೋಸ ಮಾಡುತ್ತದೆ, ಯಾಕೆಂದರೆ ನೋಡಲು ಕರುಣೆಯ ಥರಾನೇ ಇರುತ್ತದೆ. ಅಪ್ಪನ ಪಕ್ಕ ಕೂತಾಗ ಗಮನ ಅವರ ಒಣಗಿದ ತುಟಿಯ ಮೇಲಿದೆಯೋ, ನಾನು ಹೇಗೆ ತಡೆದುಕೊಳ್ಳಲಿ ಅನ್ನುವುದರ ಮೇಲಿದೆಯೋ, ಆಗಾಗ ನೋಡಿಕೊಳ್ಳಿ. ಎರಡನೆಯದಾದರೆ ಎದ್ದು ಹೊರಗೆ ಹೋಗಿ ಅತ್ತು ಬನ್ನಿ. ಆ ಹೊತ್ತು ತಂಗಿಯನ್ನೋ ತಮ್ಮನನ್ನೋ ಕೂರಿಸಿ. ಒಬ್ಬರೇ ಎಲ್ಲ ಮಾಡಲು ಆಗಲ್ಲ.

ಕೊನೆಯವರೆಗೂ ಅವರು ಒಪ್ಪಿಕೊಳ್ಳದೇ ಹೋದರೆ ಅಂತಲೂ ಕೇಳಿದ್ದೀರಿ. ಹಾಗಾದರೆ ಆಗಲಿ. ಸಾವು ಅವರದ್ದು, ನಿಮ್ಮ ಓದಿಗೆ ಪರೀಕ್ಷೆ ಅಲ್ಲ. ಅವರಾಗಿಯೇ ಸಾವಿನ ಮಾತು ತೆಗೆದರೆ ಮಾತ್ರ 'ಛೆ, ಹಾಗೆಲ್ಲ ಅನ್ನಬೇಡಿ' ಅಂತ ಬಾಯಿ ಮುಚ್ಚಿಸಬೇಡಿ, ಕೂತು ಕೇಳಿ.