ಏಣಿ ಅರ್ಧ ಎದ್ದಾಗಲೇ ಯಾಕೆ ಭಾರ?

ಪ್ರಶ್ನೆ: ಕಾಳುಮೆಣಸು ಕೊಯ್ಯಲು 6 ಮೀಟರ್ ಉದ್ದದ ಅಲ್ಯೂಮಿನಿಯಂ ಏಣಿ ಇಟ್ಟುಕೊಂಡಿದ್ದೇವೆ. ತೂಕ 24 ಕೆಜಿ. ನೆಲದಿಂದ ತುದಿ ಎತ್ತುವಾಗ ಅಷ್ಟೇನೂ ಕಷ್ಟವಿಲ್ಲ. ಕೈ ಬದಲಿಸುತ್ತಾ ಬುಡದ ಕಡೆ ನಡೆದರೆ ಅರ್ಧಕ್ಕೆ ಬರುವಾಗ ತೋಳು ನಡುಗುತ್ತದೆ. ಆಮೇಲೆ ಮತ್ತೆ ಹಗುರ. ಏಣಿ ಎದ್ದಂತೆ ತಿರುಗುಬಲ ಇಳಿಯುತ್ತಲೇ ಹೋಗುತ್ತದೆ ಅಂತ ಮಗಳು ಹೇಳುತ್ತಾಳೆ. ಯಾವುದು ಸರಿ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಮಗಳ ಮಾತೂ ಸರಿ, ನಿಮ್ಮ ತೋಳೂ ಸರಿ.

ಬುಡವನ್ನು ಯಾರಾದರೂ ಕಾಲಲ್ಲಿ ಒತ್ತಿ ಹಿಡಿದಿರುತ್ತಾರೆ, ಅಲ್ವಾ? ಏಣಿ ತಿರುಗುವುದು ಅಲ್ಲೇ. ಅದರ ತೂಕವೆಲ್ಲ ನಟ್ಟನಡುವೆ, ಬುಡದಿಂದ 3 ಮೀಟರ್ ಆಚೆ ಇದೆ ಎಂದುಕೊಳ್ಳಿ. ಮಲಗಿದ್ದಾಗ ತಿರುಗುಬಲ 24×3, ಅಂದರೆ 72 ಕೆಜಿ-ಮೀಟರ್. ಸೂರ್ಯ ನೆತ್ತಿಯ ಮೇಲಿರುವಾಗ ಏಣಿ ಎತ್ತಿ, ನೆರಳು ನೋಡಿ. ಏಣಿ ಎದ್ದಂತೆ ನೆರಳು ಮೋಟಾಗುತ್ತದೆ. ತಿರುಗುಬಲವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಮೊದಲ 30 ಡಿಗ್ರಿಯಲ್ಲಿ ಇಳಿಯುವುದು ಸ್ವಲ್ಪವೇ, 62ಕ್ಕೆ. 45ರಲ್ಲಿ 51. 60ರಲ್ಲಿ ಸರಿಯಾಗಿ ಅರ್ಧ, 36. ನೆಟ್ಟಗೆ ನಿಂತರೆ ಸೊನ್ನೆ. ಶಾಲೆಯಲ್ಲಿ ಬೆದರಿಸುವ ಕೊಸೈನ್ ಇಷ್ಟೇ.

ಆದರೆ ಈ ಲೆಕ್ಕದಲ್ಲಿ ನಿಮ್ಮ ಕೈ ಬಂದೇ ಇಲ್ಲ. ತುದಿ ಹಿಡಿದಾಗ ಕೈ ಬುಡದಿಂದ 6 ಮೀಟರ್ ದೂರ. 72ನ್ನು 6ರಿಂದ ಭಾಗಿಸಿ: 12 ಕೆಜಿ ಎತ್ತಿದರೆ ಸಾಕು. ಮುಂದೆ ನಡೆದಂತೆ ಕೈ ಅಂದಾಜು 1.7 ಮೀಟರ್ ಎತ್ತರದಲ್ಲೇ ಇರುತ್ತದೆ, ಬುಡಕ್ಕೆ ಮಾತ್ರ ಹತ್ತಿರವಾಗುತ್ತದೆ. ಏಣಿ 45 ಡಿಗ್ರಿಗೆ ಬರುವಾಗ ಆ ದೂರ ಬರೀ 2.4 ಮೀಟರ್. 51ನ್ನು 2.4ರಿಂದ ಭಾಗಿಸಿದರೆ 21 ಕೆಜಿ! ತಿರುಗುಬಲ ಕಡಿಮೆಯಾದದ್ದಕ್ಕಿಂತ ಜಾಸ್ತಿ ಬೇಗ ನಿಮ್ಮ ಸನ್ನೆಕೋಲು ಗಿಡ್ಡವಾಯಿತು. 60 ಡಿಗ್ರಿಯಲ್ಲಿ 18 ಕೆಜಿ, 75ರಲ್ಲಿ 11. ಗೋಡೆಗೆ ಏಣಿ ಒರಗಿಸುವುದೂ ಹೆಚ್ಚುಕಡಿಮೆ ಈ 75ರಲ್ಲೇ.

ಹಾಗಾಗಿ ಸುಮ್ನೆ ತೋಳಿನ ಶಕ್ತಿ ನಂಬಬೇಡಿ. 45ರ ಹತ್ತಿರ ಇನ್ನೊಬ್ಬರು ಕವೆಗೋಲಿನಿಂದ ಮೇಲಿನ ಮೆಟ್ಟಿಲು ದೂಡಲಿ. ಬುಡದಿಂದ 4 ಮೀಟರ್ ದೂರದಲ್ಲಿ ಏಣಿಗೆ ಲಂಬವಾಗಿ ದೂಡಿದರೆ 13 ಕೆಜಿಗೇ ಕೆಲಸ ಮುಗಿಯುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. 90 ದಾಟಿದ ಕೂಡಲೇ ತಿರುಗುಬಲ ದಿಕ್ಕು ಬದಲಿಸುತ್ತದೆ. ಅಲ್ಲಿಯವರೆಗೆ ನಿಮ್ಮ ಕಡೆ ಬೀಳುತ್ತಿದ್ದ ಏಣಿ ಈಗ ಆಚೆ ವಾಲುತ್ತದೆ. ಶುರುವಿನಲ್ಲಿ ಬೆರಳಲ್ಲೂ ತಡೆಯಬಹುದು, ವಾಲಿದಷ್ಟೂ ಸೆಳೆತ ಹೆಚ್ಚುತ್ತದೆ. ನಿಮ್ಮದು ಅಲ್ಯೂಮಿನಿಯಂ. ಎತ್ತುವ ಮೊದಲು ಆಚೆ ಕಡೆ ಕರೆಂಟಿನ ತಂತಿ ಇದೆಯಾ ಅಂತ ತಲೆಯೆತ್ತಿ ನೋಡಿ.