‘ದೊಡ್ಡದು ಚಿಕ್ಕದರ ಪಾಲು ತಿನ್ನುತ್ತಿದೆ’

ನಾನು ಆಪ್ತಸಲಹೆಗಾರ್ತಿ. ನನ್ನಲ್ಲಿಗೆ ಬಂದ ಹೆಣ್ಣುಮಗಳೊಬ್ಬಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆದರೆ ಶೀರ್ಷಿಕೆಯ ಮಾತು ಬದಲಾಗಿಲ್ಲ. ಅವಳಿ ಬಸಿರಿನ ಹೆಣ್ಣುಮಕ್ಕಳಿಂದ ಅದನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ.

ಆಕೆ ಮಾನ್ವಿ ತಾಲ್ಲೂಕಿನ ರೈತರ ಮನೆಯ ಸೊಸೆ. ಚೊಚ್ಚಲ ಬಸಿರು, ಏಕರೂಪದ ಅವಳಿ, ಎರಡಕ್ಕೂ ಒಂದೇ ಮಾಸು (ಪ್ಲಾಸೆಂಟಾ). ಐದನೇ ತಿಂಗಳ ಸ್ಕ್ಯಾನಿನಲ್ಲಿ ಒಂದರ ಸುತ್ತ ನೀರು ಹೆಚ್ಚು, ಇನ್ನೊಂದರ ಸುತ್ತ ಕಡಿಮೆ ಕಂಡಿತು. ವಾರಕ್ಕೊಮ್ಮೆ ಬರಲು ವೈದ್ಯರು ಹೇಳಿದರು. ಜೋಡಿ ಬಾಳೆಹಣ್ಣು ತಿಂದದ್ದಕ್ಕೇ ಹೀಗಾಯಿತೆಂದು ಮನೆಯಲ್ಲಿ ಬೈಗುಳವೂ ಬಿದ್ದಿತ್ತು.

ಮೊದಲೆರಡು ಭೇಟಿಗಳಲ್ಲಿ ಆಕೆ ಬರೀ ಅತ್ತಳು. ಮೂರನೆಯದರಲ್ಲಿ ಬಾಯಿಬಿಟ್ಟಳು: “ದೊಡ್ಡದು ಒದ್ದರೆ ನನಗೆ ಸಿಟ್ಟು ಬರುತ್ತದೆ ಮೇಡಂ. ನಮ್ಮ ಹೊಲ ಕಾಲುವೆಯ ಕೊನೆಯಲ್ಲಿದೆ. ಮೇಲಿನವರು ನೀರು ಹಿಡಿದುಕೊಂಡರೆ ನಮ್ಮ ಹತ್ತಿ ಒಣಗುತ್ತದೆ. ಅದೂ ಅಂಥದ್ದೇ ಅಲ್ಲವೇ?”

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನವರಿಗೆ ಈ ನೋವು ಹುಟ್ಟಿನಿಂದ ಬಂದದ್ದು. ಸಮಾಧಾನದ ಮಾತು ಇಲ್ಲಿ ನಡೆಯುವುದಿಲ್ಲ ಎನಿಸಿತು. “ನೀರು ನಿಂತ ಹೊಲದ ಹತ್ತಿ ಏನಾಗುತ್ತದೆ?” ಎಂದು ಕೇಳಿದೆ. “ಕೊಳೆಯುತ್ತದೆ” ಎಂದಳು. ಮಾಸಿನೊಳಗಿನ ರಕ್ತನಾಳಗಳು ಒಂದಕ್ಕೊಂದು ಕೂಡಿರುತ್ತವೆ, ಹರಿವು ಏರುಪೇರಾದರೆ ದೊಡ್ಡದರ ಹೃದಯಕ್ಕೂ ಹೊರೆ ಬೀಳುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ಕದ್ದವರು ಯಾರೂ ಇಲ್ಲ, ಅಪಾಯ ಇಬ್ಬರಿಗೂ ಇದೆ. ಆಕೆ ಬಹಳ ಹೊತ್ತು ಆ ಚಿತ್ರವನ್ನೇ ನೋಡಿದಳು. ಆಮೇಲೆ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

ಇದು ವೈದ್ಯರ ಕೆಲಸ, ಆಪ್ತಸಲಹೆಗಾರರದ್ದಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ವೈದ್ಯರು ಆಗಲೇ ಹೇಳಿದ್ದನ್ನು ಆಕೆಗೆ ಅರ್ಥವಾಗುವಂತೆ ಹೇಳಿದೆ, ಅಷ್ಟೇ. ಅರೆಬರೆ ತಿಳಿದದ್ದರಿಂದ ಹುಟ್ಟಿದ ಭಯ ಪೂರ್ತಿ ತಿಳಿದ ಮೇಲೆಯೇ ಇಳಿಯುತ್ತದೆ. ಹುಟ್ಟುವ ಮೊದಲೇ ಒಂದು ಮಗುವನ್ನು ಅಪರಾಧಿಯನ್ನಾಗಿ ಮಾಡಿದ ಮನೆ ಮುಂದೆ ಆ ಮಗುವನ್ನು ಹೇಗೆ ಸಾಕೀತು?

ಕೊಟ್ಟ ಸಲಹೆ ಇಷ್ಟು. ತಿಂದದ್ದರಿಂದ, ದುಡಿದದ್ದರಿಂದ ಹೀಗಾಗುವುದಿಲ್ಲ, ಯಾರೂ ಆಕೆಯನ್ನು ದೂರಬಾರದು. ಮುಂದಿನ ಸ್ಕ್ಯಾನಿಗೆ ಅತ್ತೆಯೂ ಬರಬೇಕು. ಹೊಟ್ಟೆ ಇದ್ದಕ್ಕಿದ್ದಂತೆ ಬಿಗಿದು ಉಬ್ಬಿದರೆ, ಉಸಿರು ಕಟ್ಟಿದರೆ, ಸ್ಕ್ಯಾನಿನ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಕುಬಸ (ಸೀಮಂತ) ಗಂಡನ ಮನೆಯಲ್ಲೇ ಆಗಲಿ, ಸ್ಕ್ಯಾನಿಂಗ್ ಸೌಲಭ್ಯವಿಲ್ಲದ ತವರೂರಿಗೆ ಕಳಿಸುವುದು ಬೇಡ. ತವರಿನವರು ನೊಂದುಕೊಂಡರು, ಆದರೂ ಈ ಮಾತಿನಿಂದ ನಾನು ಹಿಂದೆ ಸರಿಯಲಿಲ್ಲ.

ಏರುಪೇರು ಹೆಚ್ಚಾದಾಗ ಮನೆಯವರು ಚರ್ಚೆಯಲ್ಲಿ ದಿನ ಕಳೆಯದೆ, ಮಾಸಿನಲ್ಲಿ ಕೂಡಿಕೊಂಡ ರಕ್ತನಾಳಗಳನ್ನು ಮುಚ್ಚುವ ಲೇಸರ್ ಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು. ಅವಧಿಗೆ ಮುಂಚೆ ಹೆರಿಗೆಯಾಯಿತು, ಎರಡೂ ಮಕ್ಕಳು ಬದುಕಿವೆ. ಎಲ್ಲರಿಗೂ ಹೀಗಾಗುತ್ತದೆಂಬ ಭರವಸೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಒಂದೇ ಮಾಸಿನ ಅವಳಿ ಬಸಿರುಗಳಲ್ಲಿ ನೂರಕ್ಕೆ 10ರಿಂದ 15ರಲ್ಲಿ ಈ ತೊಡಕು ಬರುತ್ತದೆ. ಅದಕ್ಕಾಗಿಯೇ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಅವಳಿ ಎಂದು ತಿಳಿದವರು ಮಾಸು ಒಂದೋ ಎರಡೋ ಎಂದು ವೈದ್ಯರನ್ನು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. 11ರಿಂದ 14ನೇ ವಾರದೊಳಗಿನ ಸ್ಕ್ಯಾನಿನಲ್ಲಿ ಅದು ಅತ್ಯಂತ ಸ್ಪಷ್ಟವಾಗಿ ತಿಳಿಯುತ್ತದೆ.